ಬಣ್ಣದ ಓಣಿಯಲ್ಲಿ ಪಿಸುಮಾತು

ನವೆಂಬರ್ 9, ಶನಿವಾರ

ಬಂದು ಸೇರಿದೆ. ಮೈಸೂರಿನಿಂದ ಗದಗಿಗೆ ರೈಲು, ಗದಗಿನಿಂದ ಶಿರಹಟ್ಟಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಇಳಿಯಬೇಕಾದ ಜಾಗವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕಂಡಕ್ಟರು ಓದಿ, "ಬಣ್ಣದ ಓಣಿಗೇನ್ರಿ?" ಎಂದು ಕೇಳಿ, ನನ್ನ ಕತ್ತಿನ ಮೇಲಿನ ಗಾಯದ ಗೆರೆಯನ್ನೊಮ್ಮೆ ನೋಡಿ ಟಿಕೆಟ್ ಹರಿದು ಕೊಟ್ಟರು.

ಊರು ಮುಗಿದ ಮೇಲೆ, ಕಪ್ಪತಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಹತ್ತಿ ಕೂತಂತೆ ಮೂವತ್ತು ಮನೆಗಳು. ಮುಚ್ಚಿಹೋದ ನಾಟಕ ಕಂಪನಿಗಳ ನಟರು, ಹಾರ್ಮೋನಿಯಂ ರಿಪೇರಿ ಮಾಡುವವರು, ಪರದೆ ಬರೆಯುವವರು ಒಬ್ಬೊಬ್ಬರಾಗಿ ಬಂದು ನೆಲೆಸಿದ ಓಣಿ. ಪರದೆಗೆ ಬಳಿದು ಉಳಿದ ಬಣ್ಣವನ್ನೆಲ್ಲ ಗೋಡೆಗೆ ಬಳಿದಿದ್ದಾರೆ. ಒಂದು ಮನೆಯ ಮುಖ ಅರಮನೆ, ಅದರ ಪಕ್ಕದ್ದು ಕಾಡು, ಅದರಾಚೆ ಆಡು ಕಟ್ಟಿದ ಗೋಡೆಯ ಮೇಲೆ ನೀಲಿ ಸಮುದ್ರ.

ನನ್ನ ಕೋಣೆ ಎಲ್ಲಕ್ಕಿಂತ ಮೇಲೆ. ಮನೆಯ ಯಜಮಾನರು ಈಶಪ್ಪ, ಅರವತ್ತು ದಾಟಿದವರು, ಭುಜದವರೆಗೆ ಕೂದಲು. ಓಣಿಯವರನ್ನು ಕಟ್ಟಿಕೊಂಡು ವರ್ಷಕ್ಕೆ ಮೂರು ನಾಲ್ಕು ನಾಟಕ ಆಡಿಸುತ್ತಾರಂತೆ. ರೇಡಿಯೋ ಕೇಂದ್ರದ ಗೆಳತಿ ಫೋನಿನಲ್ಲಿ ನನ್ನ ವಿಷಯ ಹೇಳಿಟ್ಟಿದ್ದಳು. ಆದರೂ ನನಗೆ ಕಿವಿ ಕೇಳುವುದಿಲ್ಲ ಎಂಬಂತೆ ಕೂಗಿ ಮಾತಾಡಿದರು. ಕಿವಿ ಸರಿಯಿದೆ, ಗಂಟಲು ಮಾತ್ರ ಎಂದು ಬರೆದು ತೋರಿಸಿದೆ. ಓದಿ, ಮತ್ತೆ ಕೂಗಿಯೇ "ಆತ್ರಿ" ಅಂದರು.

ಬೆಳಗಿನ ಅಭ್ಯಾಸ: "ಆ" ನಾಲ್ಕು ಸೆಕೆಂಡು.

ನವೆಂಬರ್ 10

ಐದು ಸೆಕೆಂಡು. ಕೊನೆಯದು ಬರೀ ಗಾಳಿ.

ನವೆಂಬರ್ 13, ಬುಧವಾರ

ಯಾರಿಗೂ ವಿವರಿಸಬೇಕಾಗಿಲ್ಲದ ಜಾಗಕ್ಕೆ ಬರಬೇಕೆಂದೇ ಬಂದೆ. ಹಾಗಾಗಿ ಇದನ್ನು ಒಂಟಿತನ ಎಂದು ಕರೆಯುವ ಹಕ್ಕು ನನಗಿಲ್ಲ.

ಹತ್ತೊಂಬತ್ತು ವರ್ಷ ರೇಡಿಯೋದಲ್ಲಿ ಸುದ್ದಿ ಓದಿದೆ. ಆಗಸ್ಟಿನಲ್ಲಿ ಥೈರಾಯಿಡ್ ಗಂಟು ತೆಗೆದರು. ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತು, ಬಿಡಿಸುವಾಗ ನರ ಸೋತಿತು. ಯಾರ ತಪ್ಪೂ ಅಲ್ಲ. ಆರು ತಿಂಗಳು ಕಾಯಿರಿ, ಬಂದರೆ ಬಂತು ಎಂದರು ಡಾಕ್ಟರು. ಈಗ ಉಳಿದದ್ದು ಪಿಸುಮಾತು. ಸ್ವಲ್ಪ ಜೋರು ಮಾಡಿದರೆ ಹರಿದ ಚೀಲವನ್ನು ನೆಲದ ಮೇಲೆ ಎಳೆದಂತಹ ಸದ್ದು. ಮೈಸೂರಿನಲ್ಲಿ ಆ ಸದ್ದು ಕೇಳಿದವರ ಮುಖ ನೋಡಿದ ಮೇಲೆ ಪಿಸುಮಾತನ್ನೂ ಬಿಟ್ಟೆ. ಚೀಟಿ ಬರೆಯುತ್ತೇನೆ.

ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಸಂಜೆಯವರೆಗೆ ಅವನ್ನೇ ನೋಡಿದೆ. ಇಡೀ ದಿನ ಒಂದೇ ಒಂದು ಚೀಟಿ ಬರೆದಿದ್ದೆ: "ಎರಡು ರೊಟ್ಟಿ ಸಾಕು."

ನವೆಂಬರ್ 17, ಭಾನುವಾರ

ಊಟ ಕೊಡುವ ಹನಮಂತವ್ವ ಇವತ್ತು ಓಣಿಯ ಕಾನೂನು ತಿಳಿಸಿದರು. ಇಲ್ಲಿ ಯಾರದು ಯಾವ ಜಾತಿ, ಯಾರಿಗೆ ಯಾರು ಗಂಡ ಎಂದು ಕೇಳಬಾರದು. ಕೇಳಿದರೆ ಒಬ್ಬೊಬ್ಬರೂ ಒಂದೊಂದು ನಾಟಕದ ಕಥೆ ಹೇಳುತ್ತಾರಂತೆ. ಕೆಳಗಿನ ಊರಿನವರು ಈ ಓಣಿಗೆ ಹೆಣ್ಣು ಕೊಡುವುದಿಲ್ಲ, ಆದರೆ ನಾಟಕವಿದ್ದ ದಿನ ಮುಂದಿನ ಸಾಲಿನಲ್ಲಿ ಅವರೇ.

ಇಳಿಹೊತ್ತಿನಲ್ಲಿ ಓಣಿಯವರು ಕಟ್ಟೆಯ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ನಾನೂ ಇಳಿದುಹೋಗಿ ಅಂಚಿನಲ್ಲಿ ನಿಂತೆ. ಮಾತು ನಿಂತಿತು. ನನಗೆ ಜಾಗ ಮಾಡಿಕೊಟ್ಟರು, ಬಟ್ಟಲು ಕೊಟ್ಟರು, ಮತ್ತೆ ಯಾರೂ ನಗಲಿಲ್ಲ. ಬೇಗ ಎದ್ದು ಬಂದೆ.

ನವೆಂಬರ್ 21, ಗುರುವಾರ

ಪಕ್ಕದ ಮನೆಯ ಅಮೀನಬಿ ತಾವಾಗಿ ಒಳಗೆ ಬಂದು ಹಾಸಿಗೆಯ ಮೇಲೆ ಕೂತರು. ಎಪ್ಪತ್ತರ ಹತ್ತಿರದವರು, ತೆಳ್ಳಗೆ, ಹುಬ್ಬಿಗೆ ಈಗಲೂ ಕಪ್ಪು ತೀಡುತ್ತಾರೆ. ಹದಿನಾಲ್ಕನೇ ವಯಸ್ಸಿಗೆ ಕಂಪನಿ ಸೇರಿ ರಾಣಿ, ಸೂಳೆ, ಅತ್ತೆ, ಎರಡು ಸಲ ರಾಜ, ಎಲ್ಲ ಆಗಿದ್ದಾರೆ. ಒಂದೂವರೆ ಗಂಟೆ ಮಾತಾಡಿದರು. ನಾನು ಚೀಟಿಗೆ ಕೈ ಹಾಕಿದಾಗ ತಡೆದು, ತಮ್ಮ ಕನ್ನಡಕ ಮನೆಯಲ್ಲೇ ಉಳಿದಿದೆ, ಕೇಳಿಸಿಕೊಂಡರೆ ಸಾಕು ಎಂದರು.

ಹೋಗುವಾಗ ಬಾಗಿಲಲ್ಲಿ ನಿಂತು, "ಗಂಟಲಾ ಹೋದ್ರ ಏನಾತು? ಹಲ್ಲ ಅದಾವಿಲ್ಲೋ?" ಎಂದು ಕೇಳಿದರು. ಪಿಸುಮಾತು ಗಂಟಲಿನಿಂದ ಬರುವುದಲ್ಲವಂತೆ, ಹಲ್ಲು ಮತ್ತು ನಾಲಗೆಯ ತುದಿಯಿಂದಂತೆ.

ಸಿಟ್ಟು ಬಂತು. ಹತ್ತೊಂಬತ್ತು ವರ್ಷ ದನಿಯಿಂದಲೇ ಬದುಕಿದವಳಿಗೆ ಪಾಠ.

"ಆ": ಆರು ಸೆಕೆಂಡು.

ಡಿಸೆಂಬರ್ 1, ಭಾನುವಾರ

ರೇಡಿಯೋ ಕೇಂದ್ರದಿಂದ ಸಂದೇಶ. ಜನವರಿಯಿಂದ ನನ್ನ ಒಪ್ಪಂದ ನವೀಕರಿಸುವುದಿಲ್ಲ. ಮರ್ಯಾದೆಯಿಂದಲೇ ಬರೆದಿದ್ದಾರೆ. "ದನಿ ಮರಳಿದಾಗ ಖಂಡಿತ ತಿಳಿಸಿ."

ಊಟ ಮಾಡಲಿಲ್ಲ. ಹನಮಂತವ್ವ ಬುತ್ತಿ ಇಟ್ಟು, ನನ್ನ ಮುಖ ನೋಡಿ, ಏನೂ ಕೇಳದೆ ಇಳಿದು ಹೋದರು. ಕೇಳಿದ್ದರೆ ಬರೆದು ತೋರಿಸುತ್ತಿದ್ದೆನೇನೋ.

ಡಿಸೆಂಬರ್ 2

ಏನೂ ಇಲ್ಲ.

ಡಿಸೆಂಬರ್ 8, ಭಾನುವಾರ

ಕೆಳಗಿನ ಅಂಗಳದಲ್ಲಿ ತಾಲೀಮು ಶುರುವಾಗಿದೆ. ಜನವರಿಯಲ್ಲಿ ಬೆಳ್ಳಟ್ಟಿಯ ಒಂದು ಶಾಲೆಗೆ ನೂರು ವರ್ಷ ತುಂಬುವ ಸಮಾರಂಭ, ಅಲ್ಲಿ ಇವರ ನಾಟಕ. ಈಶಪ್ಪನವರೇ ಬರೆದದ್ದು. ಕೊನೆಯ ದೃಶ್ಯದಲ್ಲಿ, ಹದಿನೈದು ವರ್ಷದ ಹಿಂದೆ ಮಗಳನ್ನು ಮನೆಯಿಂದ ಹೊರಗೆ ಹಾಕಿದ ತಾಯಿ ಅವಳ ಮನೆ ಹುಡುಕಿಕೊಂಡು ಬಂದು ಬಾಗಿಲು ಬಡಿಯುತ್ತಾಳೆ. ಮಗಳು ತೆರೆಯುವುದಿಲ್ಲ. ಉತ್ತರವನ್ನೂ ಕೊಡುವುದಿಲ್ಲ. ತಾಯಿ ಮುಚ್ಚಿದ ಬಾಗಿಲಿಗೇ ಎಲ್ಲ ಹೇಳಿ ತಿರುಗಿ ಹೋಗುತ್ತಾಳೆ. ಮಗಳ ಪಾತ್ರಕ್ಕೆ ಜನವೇ ಬೇಡ, ಬಾಗಿಲಿದ್ದರೆ ಸಾಕು.

ತಾಯಿ ಅಮೀನಬಿ. ಮೆಟ್ಟಿಲ ಮೇಲೆ ಕೂತು ನೋಡಿದೆ. ಆ ದನಿ! ಎಪ್ಪತ್ತಾದರೂ ಗುಡ್ಡಕ್ಕೆ ತಾಗಿ ಬರುತ್ತದೆ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಬರೆಯಲಿ.

ಎರಡು ಕಡೆ ಮಾತು ಮರೆತು ನಿಂತರು. ದಸ್ತಗೀರಸಾಬರು ಪರದೆಯ ಸಂದಿಯಿಂದ ಮಾತು ಎತ್ತಿಕೊಟ್ಟರು. ಪರದೆ ಬರೆಯುವವರೂ ಅವರೇ, ನಾಟಕದ ದಿನ ಮರೆಯಲ್ಲಿ ನಿಂತು ಮರೆತ ಮಾತು ನೆನಪಿಸುವವರೂ ಅವರೇ.

ಡಿಸೆಂಬರ್ 15, ಭಾನುವಾರ

ಅಮೀನಬಿ ಬಂದು ಚಿಲಕ ಹಾಕಿಕೊಂಡರು.

ಹೋದ ವಾರ ಶಿರಹಟ್ಟಿ ಸಂತೆಗೆ ಹೋಗಿ, ಬಸ್ ನಿಲ್ದಾಣದಲ್ಲಿ ಮೂರು ತಾಸು ಕೂತಿದ್ದರಂತೆ. ಯಾವ ಬಸ್ಸು ಹತ್ತಬೇಕೆಂದು ಮರೆತು ಹೋಗಿತ್ತು. ಇಳಿಯುವ ಊರಿನ ಹೆಸರೇ ನಾಲಗೆಗೆ ಬರಲಿಲ್ಲ. ಯಾರನ್ನಾದರೂ ಕೇಳಬೇಕೆಂದರೆ ಏನೆಂದು ಕೇಳುವುದು? ಪುಣ್ಯಕ್ಕೆ ಓಣಿಯ ಯಾರೋ ಬಂದರು, ಅವರ ಹಿಂದೆ ಹತ್ತಿದರು. ಚಹಾಕ್ಕೆ ಉಪ್ಪು ಹಾಕಿದ್ದು ಎಷ್ಟು ಸಲವೋ. ಪಾರ್ಟಿನ ಮಾತು ಮಾತ್ರ ಇಷ್ಟು ದಿನ ಗಟ್ಟಿಯಿತ್ತು, ಈಗ ಅದೂ ಜಾರುತ್ತಿದೆ.

ತಂಗಿಯ ಮಗಳು ಶಾಹಿಸ್ತಾ ಲಕ್ಷ್ಮೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಕರೆದುಕೊಂಡು ಹೋಗಲು ಎರಡು ವರ್ಷದಿಂದ ಕಾಯುತ್ತಿದ್ದಾಳೆ. ಗೊತ್ತಾದರೆ ಮರುದಿನವೇ ಬಂದು ನಿಲ್ಲುತ್ತಾಳೆ.

"ಬೆಳ್ಳಟ್ಟಿ ನಾಟಕ ಒಂದು ಆಗಲಿ," ಅಂದರು. "ಆಮ್ಯಾಲ ಎಲ್ಲಿಗೆ ಬೇಕಾದ್ರೂ ಒಯ್ಲಿ. ನಿನ್ನ ಮುಂದ ಹೇಳಿದ್ರ ಬಾವ್ಯಾಗ ಕಲ್ಲ ಒಗದಂಗ. ಅದಕ್ಕ ಹೇಳೀನಿ."

ಬಾವಿ. ನಾನು ಅವರಿಗೆ ಅದು. ಆದರೂ ಅವರು ಹೋದ ಮೇಲೆ ಬಹಳ ಹೊತ್ತು ಅವರ ಮೂರು ತಾಸಿನ ಬಗ್ಗೆಯೇ ಯೋಚಿಸುತ್ತಿದ್ದೆ. ಸುತ್ತ ಜನ, ಬಸ್ಸು, ಕೂಗಾಟ, ನಡುವೆ ಕೇಳಲು ಮಾತೇ ಇಲ್ಲದವಳು. ನನಗೆ ಅದು ಗೊತ್ತು.

ಡಿಸೆಂಬರ್ 22, ಭಾನುವಾರ

ಹೊಲದಲ್ಲಿ ಸೀತನಿ ಸುಡುತ್ತಿದ್ದಾರೆ. ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿ ಕಾಳನ್ನು ಶೇಂಗಾ ಚಟ್ನಿಯ ಜತೆ ಕೈಗೆ ಹಾಕಿದರು. ತಿನ್ನುತ್ತಿರುವಾಗ ಈಶಪ್ಪ ಪಕ್ಕದಲ್ಲಿ ಬಂದು ಕೂತರು. ಮೊದಲ ಸಲ ಕೂಗದೆ ಮಾತಾಡಿದರು. ಅಮೀನಬಿ ದಿನವೂ ನನ್ನ ಕೋಣೆಗೆ ಹೋಗುತ್ತಾರಲ್ಲ, ಅವರು ಸರಿ ಇದ್ದಾರೆಯೇ ಎಂದು ಕೇಳಿ, ನನ್ನ ಚೀಟಿ ಪುಸ್ತಕವನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು.

"ಚೆನ್ನಾಗಿದ್ದಾರೆ" ಎಂದು ಬರೆದೆ.

ಹತ್ತೊಂಬತ್ತು ವರ್ಷ ಯಾರೋ ಬರೆದುಕೊಟ್ಟದ್ದನ್ನು ಓದಿದೆ. ಅದರಲ್ಲಿ ಸುಳ್ಳಿದ್ದರೂ ನನ್ನದಲ್ಲ. ಇದು ನನ್ನದು.

ಡಿಸೆಂಬರ್ 25

ಅವರ ಮನೆಯ ಡಬ್ಬಿಗಳ ಮೇಲೆಲ್ಲ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದೆ. ಉಪ್ಪು. ಸಕ್ಕರೆ. ಬಾಗಿಲ ಒಳಬದಿಗೆ: ಒಲೆ ಆರಿಸಿದೆಯಾ?

ಯಾರಾದರೂ ಕೇಳಿದರೆ ಮೈಸೂರಿನವಳ ಹುಚ್ಚು ಎಂದು ಹೇಳುತ್ತಾರಂತೆ.

ಜನವರಿ 2, ಗುರುವಾರ

ದಸ್ತಗೀರಸಾಬರಿಗೆ ಗದಗಿನಲ್ಲಿ ಕಣ್ಣಿನ ಪೊರೆ ತೆಗೆದಿದ್ದಾರೆ. ಒಂದು ತಿಂಗಳು ಓದುವಂತಿಲ್ಲ. ಮಾತು ಎತ್ತಿಕೊಡಲು ಜನ ಬೇಕು. ಈಶಪ್ಪ ನೇರ ನನ್ನ ಕೋಣೆಗೆ ಹತ್ತಿ ಬಂದರು.

ಆಗುವುದಿಲ್ಲ ಎಂದು ಬರೆದೆ. ಕೆಳಗೆ ಗೆರೆ ಎಳೆದೆ.

ಆಮೇಲೆ ಅಮೀನಬಿ ಬಂದರು. ಬಾಗಿಲಲ್ಲೇ ನಿಂತರು, ಕೂರಲಿಲ್ಲ. "ಬ್ಯಾರೇದವ್ರು ಹೇಳಿಕೊಟ್ರ ಮುಂದ ಕುಂತ ಮಂದಿಗೂ ಕೇಳಸ್ತೈತಿ," ಅಂದರು. "ನೀ ಹೇಳಿದ್ರ ನನಗೊಬ್ಬಾಕಿಗೇ ಕೇಳಸ್ತೈತಿ. ನನ್ನ ಮಾನ ನಿನ್ನ ಹಲ್ಲಿನ್ಯಾಗ ಐತಿ, ಮಮತಾ."

ಇಷ್ಟು ದಿನದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು.

ಜನವರಿ 5, ಭಾನುವಾರ

ಮೊದಲ ತಾಲೀಮು. ಬಾಗಿಲಿನ ಚೌಕಟ್ಟಿನ ಹಿಂದೆ ಸ್ಟೂಲು ಹಾಕಿಕೊಟ್ಟಿದ್ದಾರೆ. ಕೊನೆಯ ದೃಶ್ಯದಲ್ಲಿ ಅಮೀನಬಿ ಬಾಗಿಲಿಗೇ ಮುಖ ಮಾಡಿರುವುದರಿಂದ ನಮ್ಮಿಬ್ಬರ ನಡುವೆ ಒಂದು ಹಲಗೆ ಮಾತ್ರ. ನಾಲ್ಕು ತಿಂಗಳಾದ ಮೇಲೆ ಬೇರೆಯವರ ಕಿವಿಗಾಗಿ ಬಾಯಿ ತೆರೆದೆ. ಮೊದಲ ಸಲ ಗಾಳಿ. ಎರಡನೇ ಸಲ "ನೀ ತೆರೀದಿದ್ರೂ" ಎಂದೆ. ಆಚೆಯಿಂದ ತಕ್ಷಣ ಅವರ ದನಿ ಎತ್ತಿಕೊಂಡಿತು: "ನೀ ತೆರೀದಿದ್ರೂ ನಾ ಹೇಳೂದು ಹೇಳೇ ಹೋಗತೇನಿ."

ಹಲ್ಲಿನಿಂದ ಎಂಬುದು ಸರಿ.

ಜನವರಿ 9, ಗುರುವಾರ

ಅವರು ಎಲ್ಲಿ ಜಾರುತ್ತಾರೆಂದು ಈಗ ಮೊದಲೇ ತಿಳಿಯುತ್ತದೆ. ಜಾರುವ ಮುಂಚೆ ಉಸಿರು ಉದ್ದವಾಗುತ್ತದೆ, ಬಲಗೈ ಸೆರಗು ಹುಡುಕುತ್ತದೆ. ಆಗಲೇ ಮಾತು ಕೊಟ್ಟರೆ ನಿಂತದ್ದು ಯಾರಿಗೂ ಕಾಣುವುದಿಲ್ಲ. ಇಂದು ಹನ್ನೊಂದು ಕಡೆ ಕೊಟ್ಟೆ. ಎರಡು ಕಡೆ ನಾನೇ ತಡಮಾಡಿದೆ. ಮೂರನೇ ದೃಶ್ಯದಲ್ಲಿ ಅವರು ಬಾವಿಕಟ್ಟೆಯ ಕಡೆ ತಿರುಗಿರುತ್ತಾರೆ, ಅಲ್ಲಿ ಎಡಗಡೆಯ ಮರೆಗೆ ಓಡಿಹೋಗಬೇಕು. ಚಪ್ಪಲಿ ಬಿಟ್ಟು ಓಡಬೇಕು.

ಹನಮಂತವ್ವನಿಗೆ ಊಟ ಕೆಳಗೇ ಸಾಕು ಎಂದೆ. ದಿನವೂ ಅವರು ಹತ್ತಿ ಬರುವುದೇಕೆ.

ಜನವರಿ 13

ಹತ್ತನೇ ತಾರೀಖಿಗೆ ಮೈಸೂರಿನಲ್ಲಿ ಡಾಕ್ಟರನ್ನು ಕಾಣಬೇಕಿತ್ತು. ಈಗ ನೆನಪಾಯಿತು. ಮತ್ತೆ ತಾರೀಖು ಕೇಳಬೇಕು.

ಮೂರನೇ ದೃಶ್ಯ ಇವತ್ತು ಸರಿಹೋಯಿತು.

ಜನವರಿ 20, ಸೋಮವಾರ

ನಿನ್ನೆ ನಾಟಕ ಆಯಿತು. ಇವತ್ತು ಕೂತು ಬರೆಯುತ್ತಿದ್ದೇನೆ.

ಶಾಲೆಯ ಬಯಲಿನಲ್ಲಿ ಪೆಂಡಾಲು. ನಾಲ್ಕು ಗಂಟೆಗೆ ಶುರು. ಇಡೀ ಬೆಳ್ಳಟ್ಟಿ ಬಂದಂತಿತ್ತು, ಹೆಂಗಸರೇ ಅರ್ಧ. ಪರದೆಯ ತೂತಿನಿಂದ ನೋಡುತ್ತಿದ್ದಾಗ ಎರಡನೇ ಸಾಲಿನಲ್ಲಿ ಬುರ್ಖಾ ತೊಟ್ಟು, ಮುಖ ತೆರೆದು ಕೂತ ಒಬ್ಬ ಹೆಂಗಸನ್ನು ಈಶಪ್ಪ ತೋರಿಸಿದರು. ಶಾಹಿಸ್ತಾ. ಯಾರೂ ಕರೆದಿರಲಿಲ್ಲ, ಸುದ್ದಿ ತಿಳಿದು ತಾನೇ ಬಂದಿದ್ದಳು.

ಮೂರು ದೃಶ್ಯ ನೀರಿನಂತೆ ಹರಿದವು. ಬಾವಿಕಟ್ಟೆಯ ಹತ್ತಿರ ನಾನು ಓಡಿದ್ದು ಯಾರಿಗೂ ಕಾಣಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕೊನೆಯ ದೃಶ್ಯಕ್ಕೆ ಬಾಗಿಲ ಹಿಂದೆ ಕೂತೆ. ಅದು ತೆರೆಯುವ ಬಾಗಿಲಲ್ಲ. ಗಾಳಿಗೆ ಅಲುಗಬಾರದೆಂದು ದಸ್ತಗೀರಸಾಬರು ಸುತ್ತಲೂ ಮೊಳೆ ಹೊಡೆಸಿದ್ದರು.

ಅಮೀನಬಿ ಬಂದರು, ಬಡಿದರು. ಎರಡು ಮಾತು ಆಡಿದರು. ಉಸಿರು ಉದ್ದವಾಯಿತು. ಮಾತು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಮತ್ತೆ ಕೊಟ್ಟೆ. ಹಲಗೆಯ ಸಂದಿಯಿಂದ ಅವರ ಕಣ್ಣು ಕಾಣುತ್ತಿತ್ತು. ನನ್ನ ಮಾತು ಅವರ ಕಿವಿಗೆ ಬಿದ್ದಿತ್ತು, ಆದರೆ ಅದು ಯಾವ ಭಾಷೆಯೋ ಎಂಬಂತೆ ನೋಡುತ್ತಿದ್ದರು. ಮೂರನೇ ಸಲ ಕೊಡುವಷ್ಟರಲ್ಲಿ ಬಾಗಿಲಿಗೆ ಅಂಗೈ ಒತ್ತಿ ಹತ್ತಿರ ಬಂದರು.

"ಒಳಗಿದ್ದಾಕಿ," ಅಂದರು, ಇಡೀ ಪೆಂಡಾಲಿಗೆ ಕೇಳುವಂತೆ. "ನನಗ ಮರತೈತಿ. ನಾ ಇಲ್ಲಿಗೆ ಯಾಕ ಬಂದೇನಿ? ನೀನ ಹೇಳು."

ಅದು ನಾಟಕದಲ್ಲಿಲ್ಲ. ಈಶಪ್ಪ ಹಾರ್ಮೋನಿಯಂ ಮೇಲೆ ಕೈ ಇಟ್ಟವರು ಹಾಗೇ ಕೂತಿದ್ದರು. ಅಮೀನಬಿ ಮತ್ತೆ ಕೇಳಿದರು, ಈ ಸಲ ಸಣ್ಣ ದನಿಯಲ್ಲಿ. ಅದು ಪಾತ್ರದ ದನಿಯಾಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕೂತಿದ್ದವರ ದನಿ.

ನಾನು ಎದ್ದು ನಿಂತೆ. ಪಿಸುಮಾತು ಸಾಲದು ಎಂದು ಗೊತ್ತಿತ್ತು.

"ನನ್ನ ನೋಡಾಕ ಬಂದಿ," ಅಂದೆ.

ಹರಿದ ಚೀಲದ ಸದ್ದು ಮೈಕಿಗೆ ಸಿಕ್ಕಿ ಪೆಂಡಾಲಿನ ತುದಿಯವರೆಗೆ ಹೋಯಿತು. ಯಾರದೋ ಮಗು ಅತ್ತಿತು. ನಾನು ನಿಲ್ಲಿಸಲಿಲ್ಲ. "ಹದಿನೈದು ವರ್ಷದ ಹಿಂದ ನನ್ನ ಮನಿ ಬಿಟ್ಟು ಹೊರಗ ಹಾಕಿದಿ. ಅದಕ್ಕ ಬಂದಿ."

"ನಾನ?" ಅಂದರು ಅಮೀನಬಿ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ನಾ ನಿನ್ನ ಹೊರಗ ಹಾಕಿದ್ನಾ?"

"ಹಾಕಿದಿ."

ಆಮೇಲೆ ಅವರು ಹೊಸ್ತಿಲ ಮೇಲೆ ನಿಧಾನವಾಗಿ ಕೂತು, ಹಣೆಯನ್ನು ಬಾಗಿಲಿಗೆ ಆನಿಸಿದರು. "ಹಂಗಾರ ತಪ್ಪ ನಂದ ಐತೆವ್ವಾ," ಅಂದರು. "ತೆಗೀಬ್ಯಾಡ."

ಹಲಗೆಯ ಈಚೆ ನಾನೂ ಕೂತೆ. ಈಶಪ್ಪ ಬಾರಿಸತೊಡಗಿದರು, ಪರದೆ ಬಿತ್ತು. ಚಪ್ಪಾಳೆ ಬಹಳ ತಡವಾಗಿ ಬಂತು.

ಬಣ್ಣ ಒರೆಸುವ ಕೋಣೆಗೆ ಶಾಹಿಸ್ತಾ ಬಂದಳು. ನಲವತ್ತರ ಹೆಂಗಸು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು. ಉಳಿದವರೆಲ್ಲ ನಾಟಕವೆಂದುಕೊಂಡದ್ದು ಅವಳಿಗೆ ನಾಟಕವಲ್ಲ ಎಂದು ತಿಳಿದಿತ್ತು. ತನ್ನ ಖಾಲಾ ಎಷ್ಟು ದಿನದಿಂದ ಹೀಗೆ ಎಂದು ನನ್ನನ್ನು ಕೇಳಿದಳು. ಒಂದು ತಿಂಗಳಿಗಿಂತ ಹೆಚ್ಚಾಯಿತು ಎಂದೆ. ಅವಳು ಬೈಯಲಿಲ್ಲ. "ನಮಗ ಒಂದು ಮಾತ ಹೇಳಬೇಕಾಗಿತ್ರಿ ನೀವು," ಎಂದಷ್ಟೇ ಹೇಳಿ, ಅಮೀನಬಿಯ ಮುಖದ ಬಣ್ಣ ಒರೆಸತೊಡಗಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಬರುವಾಗ ಟೆಂಪೋದಲ್ಲಿ ಈಶಪ್ಪ ನನ್ನ ಪಕ್ಕ ಕೂತಿದ್ದರು. ಅವರಿಗೆ ಸೀತನಿಯ ದಿನವೇ ತಿಳಿದಿತ್ತಂತೆ. "ಒಂದ ಶಬ್ದ ಬರಿಯಾಕ ಭಾಳ ಹೊತ್ತ ತಗೊಂಡ್ರಿ ಅಕ್ಕಾರ," ಅಂದರು. ಗೊತ್ತಿದ್ದೂ ಆಡಿಸಿದ್ದೇಕೆ ಎಂದು ಕೇಳಿದೆ. ನಾಟಕ ಕಿತ್ತುಕೊಂಡರೆ ಅವಳಿಗೆ ಮರೆಯಲಿಕ್ಕಾದರೂ ಏನು ಉಳಿಯುತ್ತದೆ ಎಂದರು. ನಾವಿಬ್ಬರೂ ಮಾಡಿದ್ದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ.

ಜನವರಿ 23, ಗುರುವಾರ

ಅಮೀನಬಿಯ ಮನೆ ಖಾಲಿ ಮಾಡಲು ಶಾಹಿಸ್ತಾಗೆ ನೆರವಾದೆ. ಡಬ್ಬಿಗಳ ಮೇಲಿನ ಚೀಟಿಗಳನ್ನು ಅವಳು ಒಂದೊಂದಾಗಿ ಓದಿದಳು. ಕಿತ್ತು ಹಾಕಲು ಹೋದೆ. ತಡೆದು, ಡಬ್ಬಿಗಳನ್ನು ಹಾಗೆಯೇ ಚೀಲಕ್ಕೆ ತುಂಬಿಕೊಂಡಳು. ಲಕ್ಷ್ಮೇಶ್ವರದಲ್ಲೂ ಇವು ಬೇಕಾಗುತ್ತವೆ ಎಂದಳು. ಇನ್ನೇನು ಬರೆದು ಅಂಟಿಸಬೇಕು ಎಂದು ನನ್ನನ್ನೇ ಕೇಳಿದಳು. ಇಬ್ಬರೂ ಕೂತು ಪಟ್ಟಿ ಮಾಡಿದೆವು.

ಜನವರಿ 28, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಆಟೋ ಬಂತು. ಓಣಿ ಪೂರ್ತಿ ಕೆಳಗೆ ಇಳಿದಿತ್ತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ದಸ್ತಗೀರಸಾಬರೂ ನಿಂತಿದ್ದರು. ಅಮೀನಬಿ ಹುಬ್ಬು ತೀಡಿಕೊಂಡು, ಒಳ್ಳೆಯ ಇಳಕಲ್ ಸೀರೆ ಉಟ್ಟು, ಬೇರೆ ಊರಿಗೆ ನಾಟಕದ ಕ್ಯಾಂಪು ಹೊರಟವರಂತೆ ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸಿದರು. ಈಶಪ್ಪನ ಗುರುತಿತ್ತು. ಹನಮಂತವ್ವನ ಗುರುತಿತ್ತು, ಅವರ ಸಾರಿಗೆ ಉಪ್ಪು ಕಡಿಮೆ ಎಂದೂ ಹೇಳಿದರು.

ನನ್ನ ಎದುರು ಬಂದಾಗ ನಿಂತು ನೋಡಿದರು.

"ನೀ ಯಾರ ಮಗಳವ್ವಾ?"

ಶಾಹಿಸ್ತಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನೇ ಹೇಳಿದೆ, ಎಲ್ಲರೆದುರಿಗೆ, ಆ ದನಿಯಲ್ಲೇ. "ನಿನ್ನ ಮಗಳು."

ಅಮೀನಬಿ ತಲೆಯಾಡಿಸಿದರು. ನನ್ನ ಗಲ್ಲ ಹಿಡಿದು, ತಿಳಿಯದವಳಿಗೆ ತಿಳಿಹೇಳುವಂತೆ ಮೆತ್ತಗೆ ಹೇಳಿದರು:

"ಇಲ್ಲವ್ವಾ. ನನಗ ಮಕ್ಕಳಿಲ್ಲ. ಆದ್ರ ಈ ದನಿ ನಾ ಎಲ್ಲೋ ಕೇಳೇನಿ. ಛಲೋ ದನಿ."

ಆಟೋ ತಿರುವು ದಾಟುವವರೆಗೆ ಎಲ್ಲರೂ ನಿಂತಿದ್ದೆವು. ಆಮೇಲೆ ಒಬ್ಬೊಬ್ಬರಾಗಿ ಹತ್ತಿ ಹೋದರು. ಖಾಲಿ ಮನೆಯ ಬಾಗಿಲಿಗೆ ಬೀಗ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬೀಗ ಹಾಕಿ, ಆ ಮೆಟ್ಟಿಲ ಮೇಲೆಯೇ ಮಧ್ಯಾಹ್ನದವರೆಗೆ ಕೂತಿದ್ದೆ.